ಟ್ಯಾಂಕ್‌ಗೆ ಕ್ಲೋರಿನ್ ಜಾಸ್ತಿ ಬಿದ್ದರೆ ಎಷ್ಟು ನೀರು ಬಿಡಬೇಕು?

ಒಂದು ಹಳ್ಳಿಯಿಂದ ಬೆಳಿಗ್ಗೆನೇ ಫೋನ್ ಬಂತು. 50,000 ಲೀಟರ್ ಓವರ್‌ಹೆಡ್ ಟ್ಯಾಂಕ್‌ಗೆ ನೀರಗಂಟಿ ಬ್ಲೀಚಿಂಗ್ ಪೌಡರ್ ಹಾಕಿ ಹೋಗಿದ್ದರು, ಅದು ಗೊತ್ತಿಲ್ಲದೆ ಇನ್ನೊಬ್ಬರು ಮತ್ತೆ ಹಾಕಿದ್ದರು. ನೀರು ಬಾಯಿಗಿಟ್ಟರೆ ಘಾಟು. "ಸರ್, ಅರ್ಧ ಟ್ಯಾಂಕ್ ಬಿಟ್ಟು ತುಂಬಿಸಿದ್ರೆ ಸಾಕಲ್ವಾ?"

ಸಾಕೋ ಬೇಡವೋ ಅಂತ ಅಳೆಯದೆ ಹೇಳೋಕಾಗಲ್ಲ. ಊರಿಗೆ ನೀರು ಬಿಡುವುದನ್ನು ನಿಲ್ಲಿಸಿ, ಮೊದಲು ಟೆಸ್ಟ್ ಮಾಡಿ ಅಂದೆ. ಇಲ್ಲೊಂದು ಎಚ್ಚರ ಬೇಕು. ಕ್ಲೋರಿನ್ ವಿಪರೀತ ಇದ್ದರೆ ನೀರಿನಲ್ಲಿರುವ ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್‌ನ ಗುಲಾಬಿ ಬಣ್ಣ ಮೂಡಿದ ಕೂಡಲೇ ಮಾಯವಾಗುತ್ತದೆ, ನೋಡಿದವರು ಕ್ಲೋರಿನ್ನೇ ಇಲ್ಲ ಅಂದುಕೊಂಡು ಮತ್ತಷ್ಟು ಪೌಡರ್ ಸುರಿದುಬಿಡುತ್ತಾರೆ! ಅದಕ್ಕೇ ಒಂದು ಪಾಲು ಟ್ಯಾಂಕ್ ನೀರಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಟೆಸ್ಟ್ ಮಾಡಿ, ಬಂದದ್ದನ್ನು ಹತ್ತರಿಂದ ಗುಣಿಸಿ. ಅವರಿಗೆ 0.8 ಬಂತು, ಅಂದರೆ ಲೀಟರ್‌ಗೆ 8 ಮಿಲಿಗ್ರಾಂ. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಕನಿಷ್ಠ 0.2 ಇರಬೇಕು, 1 ದಾಟಬಾರದು.

ಅರ್ಧ ಬಿಟ್ಟು ಕ್ಲೋರಿನ್ ಹಾಕದ ಬೋರ್‌ವೆಲ್ ನೀರು ತುಂಬಿಸಿದರೆ 8 ಇದ್ದದ್ದು 4 ಆಗುತ್ತದೆ. ಇನ್ನೊಮ್ಮೆ ಬಿಟ್ಟರೆ 2, ಮತ್ತೊಮ್ಮೆ ಬಿಟ್ಟರೆ 1. ಅಷ್ಟರಲ್ಲಿ 75,000 ಲೀಟರ್ ಹೊರಗೆ ಹೋಗಿರುತ್ತದೆ. ಅದರ ಬದಲು ಒಂದೇ ಸಲ ಎಂಟನೇ ಒಂದು ಪಾಲು, ಅಂದರೆ 6,250 ಲೀಟರ್ ಮಾತ್ರ ಉಳಿಸಿ ತುಂಬಿಸಿದರೆ ನೇರವಾಗಿ 1ಕ್ಕೆ ಬರುತ್ತದೆ. ಹೋಗುವುದು ಸುಮಾರು 44,000 ಲೀಟರ್ ಅಷ್ಟೇ. ಮೋಟಾರ್ ಹಾಕಿ ಸುಮ್ನೆ ಮೇಲಿಂದ ಉಕ್ಕಿಸುತ್ತಾ ಕೂತರಂತೂ ಲಕ್ಷ ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಅದು ಎಷ್ಟು ಮನೆಯ ನೀರು, ಯೋಚಿಸಿ. ಆದರೆ 2ರ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ನಾನು ಟ್ಯಾಂಕ್ ಖಾಲಿ ಮಾಡಿಸುವುದಿಲ್ಲ, ಇರುವ ನೀರಿಗೇ ಹೊಸ ನೀರು ಸೇರಿಸಿ ಒಂದಿಷ್ಟು ಕಾಯಿರಿ ಅನ್ನುತ್ತೇನೆ.

ಬಿಡುವಾಗ ತಳದ ವಾಷ್‌ಔಟ್ ವಾಲ್ವ್‌ನಿಂದಲೇ ಬಿಡಿ. ಪುಡಿಯನ್ನು ಹಾಗೇ ಸುರಿದಿದ್ದರೆ ಕರಗದ ಗಂಟುಗಳು ತಳದಲ್ಲಿ ಕೂತಿರುತ್ತವೆ, ಮೇಲೆ ಎಷ್ಟು ಹೊಸ ನೀರು ತುಂಬಿಸಿದರೂ ಅವು ಕ್ಲೋರಿನ್ ಬಿಡುತ್ತಲೇ ಇರುತ್ತವೆ. ಬಿಟ್ಟ ನೀರು ಕೆರೆಗೋ ಹಳ್ಳಕ್ಕೋ ಹೋಗಬಾರದು, ಮೀನು ಸಾಯುತ್ತವೆ. ಖಾಲಿ ಜಾಗದಲ್ಲಿ ಗುಂಡಿ ತೋಡಿ ಬಿಸಿಲಿಗೆ ನಿಲ್ಲಿಸಿ.

ತುಂಬಿಸಿ ಅರ್ಧ ಗಂಟೆಯಾದ ಮೇಲೆ ಮತ್ತೆ ಟೆಸ್ಟ್ ಮಾಡಿದಾಗ ಅವರಿಗೆ 0.7 ಬಂತು, ಹೊಸ ನೀರೂ ಸ್ವಲ್ಪ ಕ್ಲೋರಿನ್ ಹೀರಿಕೊಳ್ಳುತ್ತದಲ್ಲ. ಆದರೂ ನಲ್ಲಿಯಲ್ಲಿ ಘಾಟು ಹೋಗಿರಲಿಲ್ಲ. ಪೈಪಿನಲ್ಲಿ ಹಳೇ ನೀರೇ ನಿಂತಿತ್ತು. ಲೈನಿನ ಕೊನೆಯ ನಲ್ಲಿ ಬಿಟ್ಟು ಅದನ್ನೂ ಹರಿಸಿದ ಮೇಲೆ ಅಲ್ಲಿ 0.5 ಬಂತು, ಆಗ ಊರಿಗೆ ನೀರು ಬಿಡಿ ಅಂದೆ.