ಐ7 ಸರಿ, ಯಾವ ಜನರೇಷನ್?

ರಿಪೇರಿಗೆ ಬರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳ ಜೊತೆ ಒಂದು ಮಾತು ತಪ್ಪದೆ ಬರುತ್ತದೆ. "ಸರ್, ಇದು ಐ7. ಆದ್ರೂ ಯಾಕೆ ಇಷ್ಟು ಸ್ಲೋ?" ನಾನು ಕೇಳುವುದೂ ಒಂದೇ ಪ್ರಶ್ನೆ: ಯಾವ ಜನರೇಷನ್? ಅಂದರೆ ಒಳಗಿನ ಪ್ರೊಸೆಸರ್, ಲ್ಯಾಪ್‌ಟಾಪ್ ಓಡಿಸುವ ಮುಖ್ಯ ಚಿಪ್, ಯಾವ ತಲೆಮಾರಿನದು? ಎದುರಿಗಿರುವವರು ಮತ್ತೊಮ್ಮೆ, ಈ ಸಲ ಸ್ವಲ್ಪ ಜೋರಾಗಿ, "ಐ7 ಸರ್" ಅನ್ನುತ್ತಾರೆ.

ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಮಾಡಿ ಮಾರುವ ಲ್ಯಾಪ್‌ಟಾಪ್ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಹೊರಗೆ ಹಾಕಿದ ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್‌ಗಳು ಎಸ್‌ಪಿ ರಸ್ತೆಯ ಅಂಗಡಿಗಳಿಗೆ ಬರುತ್ತವೆ. ಹಿಂಜ್ ಗಟ್ಟಿ, ಕೀಬೋರ್ಡ್ ಗಟ್ಟಿ, ಬಿಚ್ಚಿ ರಿಪೇರಿ ಮಾಡುವುದೂ ಸುಲಭ. ಅಷ್ಟೇ ದುಡ್ಡಿಗೆ ಸಿಗುವ ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಎಷ್ಟೋ ವಾಸಿ. ನನ್ನ ತಕರಾರು ಆರಿಸುವ ರೀತಿಯ ಬಗ್ಗೆ.

ಐ3, ಐ5, ಐ7 ಅನ್ನುವುದು ಇಂಟೆಲ್ ಕಂಪನಿ ಒಂದು ಕಾಲದ ಪ್ರೊಸೆಸರ್‌ಗಳ ಒಳಗೆ ಮಾಡಿಕೊಂಡ ದರ್ಜೆ, ಅಷ್ಟೇ. ಬಸ್ಸಿನ ಮೇಲೆ ರಾಜಹಂಸ ಅಂತ ಬರೆದಿದ್ದರೆ ಆ ಬಸ್ಸು ಯಾವ ವರ್ಷದ್ದು ಅಂತ ಗೊತ್ತಾಗುತ್ತದೆಯೇ? ಪ್ರೊಸೆಸರ್‌ನ ವರ್ಷ ತಿಳಿಯಬೇಕಾದರೆ ಐ7 ಆದ ಮೇಲೆ ಬರೆದಿರುವ ನಂಬರ್ ಓದಬೇಕು. ಐ7-4600ಯು ಅಂತಿದ್ದರೆ ಮೊದಲ ಅಂಕಿ 4, ಅಂದರೆ 4ನೇ ಜನರೇಷನ್, 2013ರ ಮಾಲು. ಐ5-8350ಯು ಅಂದರೆ 8ನೆಯದು. ಹತ್ತರಿಂದ ಮುಂದೆ ಮೊದಲ ಎರಡು ಅಂಕಿ ನೋಡಿ. 10210ಯು ಹತ್ತನೆಯದು, 1135ಜಿ7 ಹನ್ನೊಂದನೆಯದು, 1235ಯು ಹನ್ನೆರಡನೆಯದು. ಕೊನೆಯ ಜಿ7 ನೋಡಿ ಐ7 ಅಂದುಕೊಂಡವರೂ ಇದ್ದಾರೆ. ಅದು ಗ್ರಾಫಿಕ್ಸ್‌ನ ಗುರುತು.

ಪ್ರೊಸೆಸರ್ ಒಳಗೆ ಕೆಲಸ ಹಂಚಿಕೊಂಡು ಮಾಡುವ ಘಟಕಗಳಿಗೆ ಕೋರ್ ಅನ್ನುತ್ತಾರೆ. ಆ 4600ಯು ಒಳಗೆ ಇರುವುದು ಎರಡು ಕೋರ್. ಅದೇ ಕಾಲದ ಐ5-4300ಯುನಲ್ಲೂ ಎರಡೇ. ತೆಳು ಲ್ಯಾಪ್‌ಟಾಪ್‌ಗಳಿಗೆ ಹಾಕುವ ಈ ಯು ಸಾಲಿನಲ್ಲಿ 7ನೇ ಜನರೇಷನ್‌ವರೆಗೆ ಐ7 ಆದರೂ ಕೋರ್ ಎರಡೇ ಇದ್ದವು. 2017ರಲ್ಲಿ 8ನೇ ಜನರೇಷನ್ ಬಂತು, ಐ5ಗೇ ನಾಲ್ಕು ಕೋರ್ ಸಿಕ್ಕಿತು. ಹಾಗಾಗಿ ಒಂದೇ ರೇಟಿಗೆ 6ನೇ ಜನರೇಷನ್ ಐ7 ಮತ್ತು 8ನೇ ಜನರೇಷನ್ ಐ5 ಎರಡೂ ಸಿಕ್ಕರೆ ನಾನು ಕಣ್ಣುಮುಚ್ಚಿ ಐ5 ತೆಗೆದುಕೊಳ್ಳುತ್ತೇನೆ. ದಪ್ಪನೆಯ ವರ್ಕ್‌ಸ್ಟೇಷನ್, ಗೇಮಿಂಗ್ ಮಷಿನ್‌ಗಳ ಲೆಕ್ಕ ಬೇರೆ. ಎಎಮ್‌ಡಿ ಕಂಪನಿಯ ರೈಜನ್ ಪ್ರೊಸೆಸರ್‌ಗಳ ಲೆಕ್ಕವೂ ಬೇರೆ.

ಇದಕ್ಕಿಂತ ದೊಡ್ಡ ಕಾರಣ ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಪಡೆಯುವ ದಾರಿ ಇಟ್ಟಿದ್ದಾರೆ, ಆದರೆ ಅದು ತಾತ್ಕಾಲಿಕ. ವಿಂಡೋಸ್ 11 ಕೇಳುವುದು, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್‌ನ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು. "ಇಲ್ಲ ಸರ್, ಅಂಗಡಿಯಲ್ಲಿ 11 ಓಡ್ತಾ ಇತ್ತು" ಅನ್ನುತ್ತೀರಿ. ಓಡುತ್ತದೆ. ಆ ತಪಾಸಣೆಯನ್ನು ದಾಟಿಸಿ ಇನ್‌ಸ್ಟಾಲ್ ಮಾಡುವುದು ಕಷ್ಟವೇನಲ್ಲ. ಆದರೆ ಅಂಥ ಮಷಿನ್‌ಗೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳುವುದಿಲ್ಲ. ಬ್ಯಾಂಕ್ ವ್ಯವಹಾರ ಮಾಡುವ ಮಷಿನ್ ಆದರೆ ನಾನು ಆ ದಾರಿ ಹಿಡಿಯುವುದಿಲ್ಲ.

ತಿಪಟೂರು ಕಡೆಯ ರೈತರೊಬ್ಬರು ಬಿಸಿಎ ಓದುವ ಮಗಳ ಜೊತೆ ಬಂದಿದ್ದರು. ಕೊಬ್ಬರಿ ಮಾರಿದ ದುಡ್ಡಲ್ಲಿ ಕೊಂಡ ಲ್ಯಾಪ್‌ಟಾಪ್. ಕೈ ಇಡುವ ಜಾಗದಲ್ಲಿ ಐ7 ಸ್ಟಿಕ್ಕರ್ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ತಳದ ಕವರ್‌ನಲ್ಲಿ ಎರಡು ಸ್ಕ್ರೂ ಇರಲಿಲ್ಲ. ಬಿಚ್ಚಿದರೆ ಪ್ರೊಸೆಸರ್ ಮೇಲಿನ, ಅದರ ಬಿಸಿ ಹೊರಗೆ ಸಾಗಿಸುವ ಪೇಸ್ಟ್ ಒಣಗಿ ಪುಡಿಯಾಗಿತ್ತು, ಫ್ಯಾನಿನ ಬಾಯಿಗೆ ಧೂಳು ಕಂಬಳಿಯಂತೆ ಕೂತಿತ್ತು. ಪ್ರೊಸೆಸರ್ ಐ7-6600ಯು, ಅಂದರೆ 6ನೇ ಜನರೇಷನ್. ಅದೇ ಅಂಗಡಿಯಲ್ಲಿ ಅದೇ ರೇಟಿಗೆ 8ನೇ ಜನರೇಷನ್ ಐ5 ಕೂಡ ತೋರಿಸಿದ್ದರಂತೆ. "ಐದಕ್ಕಿಂತ ಏಳು ದೊಡ್ಡದಲ್ವಾ ಸ್ವಾಮಿ, ಮಗೀಗೆ ಒಳ್ಳೇದೇ ಇರ್ಲಿ ಅಂತ ತಗಂಡೆ" ಅಂದರು. ಅಂಥವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಎರಡೂ ಗೊತ್ತಿದ್ದು ಸುಮ್ಮನಿದ್ದ ಅಂಗಡಿಯವರ ಮೇಲೆ ಬರುತ್ತದೆ. ಕ್ಲೀನ್ ಮಾಡಿ, ಪೇಸ್ಟ್ ಬದಲಿಸಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟೆ. ಸಿ, ಪೈಥಾನ್ ಕಲಿಯಲು ಧಾರಾಳವಾಗಿ ಸಾಕು. ಕಾಲೇಜಿನವರು ವಿಂಡೋಸ್‌ನದ್ದೇ ಸಾಫ್ಟ್‌ವೇರ್ ಕೇಳಿದರೆ ತೊಂದರೆ ಆಗಬಹುದು ಅಂತಲೂ ಹೇಳಿ ಕಳಿಸಿದೆ.

ಸ್ಟಿಕ್ಕರ್ ನಂಬಬೇಡಿ, ಅದನ್ನು ಬೇರೆಯಾಗಿಯೇ ಮಾರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೆಳಗೆ ಅಬೌಟ್ ತೆರೆದರೆ ಪ್ರೊಸೆಸರ್‌ನ ಪೂರ್ತಿ ನಂಬರ್ ಕಾಣುತ್ತದೆ. ಫೋಟೋ ತೆಗೆದುಕೊಂಡು ಒಂದು ಟೀ ಕುಡಿದು ಬನ್ನಿ. ಆ ಹೊತ್ತಲ್ಲಿ ಫೋನಿನಲ್ಲೇ ಹುಡುಕಿದರೆ ಅದು ಯಾವ ವರ್ಷದ್ದು ಅಂತ ಸಿಗುತ್ತದೆ.

ರ‍್ಯಾಮ್, ಎಸ್‌ಎಸ್‌ಡಿ ಬಗ್ಗೆ ಎಲ್ಲರೂ ಕೇಳುತ್ತಾರೆ, ಅವನ್ನು ಆಮೇಲೂ ಹಾಕಿಸಬಹುದು. ಆದರೂ ರ‍್ಯಾಮ್ ಬೋರ್ಡಿಗೇ ಬೆಸೆದಿರುವ ಮಾಡೆಲ್‌ಗಳಿವೆ, ಕೇಳಿಕೊಳ್ಳಿ. ಬ್ಯಾಟರಿ ಮಾತ್ರ ಸವೆದೇ ಇರುತ್ತದೆ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಕಮಾಂಡ್ ಇದೆ, ಅಂಗಡಿಯವರಿಗೂ ಗೊತ್ತಿರುತ್ತದೆ. ಅದರಲ್ಲಿ ಹೊಸದಿದ್ದಾಗಿನ ಸಾಮರ್ಥ್ಯ, ಈಗ ಫುಲ್ ಚಾರ್ಜ್‌ಗೆ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧದ ಹತ್ತಿರ ಇದ್ದರೆ ಹೊಸ ಬ್ಯಾಟರಿ ಖರ್ಚನ್ನು ಬೆಲೆಗೆ ಸೇರಿಸಿ ಚೌಕಾಸಿ ಮಾಡಿ.

ಲಾಕ್ ಕೂಡ ನೋಡಬೇಕು. ಆನ್ ಮಾಡುವಾಗ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ, ಬಯಾಸ್ ಅನ್ನುವ ಒಳಗಿನ ಸೆಟ್ಟಿಂಗ್ ತೆರೆಯುತ್ತದೆ. ಅಲ್ಲಿ ಮಷಿನ್ ಪಾಸ್‌ವರ್ಡ್ ಕೇಳಿದರೆ, ಅಂಗಡಿಯವರಿಗೂ ಅದು ಗೊತ್ತಿಲ್ಲದಿದ್ದರೆ ಆ ಮಷಿನ್ ಅಲ್ಲೇ ಬಿಟ್ಟುಬಿಡಿ. ಸಮಯ ಇದ್ದರೆ ವಿಂಡೋಸ್ ರಿಸೆಟ್ ಮಾಡಿಸಿ, ನಿಮ್ಮ ಹಾಟ್‌ಸ್ಪಾಟ್‌ಗೆ ಕನೆಕ್ಟ್ ಮಾಡಿ ನೋಡಿ. ಯಾವುದೋ ಕಂಪನಿಯ ಹೆಸರು ಬಂದು ಆಫೀಸ್ ಲಾಗಿನ್ ಕೇಳಿದರೆ ಆ ಮಷಿನ್ ಇನ್ನೂ ಅವರ ಪಟ್ಟಿಯಲ್ಲಿದೆ ಅಂತ ಅರ್ಥ. ಅದನ್ನು ನನ್ನ ಹತ್ತಿರ ತಂದರೂ ನಾನು ತೆಗೆಯುವುದಿಲ್ಲ, ಆ ಕಂಪನಿಯವರೇ ತೆಗೆಯಬೇಕು.

ಬಿಲ್ ಕೇಳಲು ಸಂಕೋಚ ಬೇಡ. ಅದರಲ್ಲಿ ಸೀರಿಯಲ್ ನಂಬರ್, ಪ್ರೊಸೆಸರ್‌ನ ಪೂರ್ತಿ ನಂಬರ್, ಎಷ್ಟು ದಿನದೊಳಗೆ ಬದಲಾಯಿಸಿ ಕೊಡುತ್ತಾರೆ ಅನ್ನುವುದು ಮೂರನ್ನೂ ಬರೆಸಿ. ಬರೆದುಕೊಡಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.