ಬಾಡಿ ಲಿಫ್ಟ್ ಎಂದರೇನು? ಅದಕ್ಕೆ ಯಾರ ಸಹಾಯ ಬೇಕು, ಎಷ್ಟು ಬೇಕು?

ಗಾಡಿಯ ಚಾಸಿಸ್ (ಎಂಜಿನ್, ಆಕ್ಸಲ್‌ಗಳನ್ನು ಹೊತ್ತ ಉಕ್ಕಿನ ಚೌಕಟ್ಟು) ಇದ್ದಲ್ಲೇ ಇದ್ದು, ಅದರ ಮೇಲೆ ಕೂತ ಬಾಡಿ ಮಾತ್ರ ಒಂದೋ ಎರಡೋ ಇಂಚು ಮೇಲೆ ಹೋದರೆ ಅದು ಬಾಡಿ ಲಿಫ್ಟ್. ಚಾಸಿಸ್‌ಗೂ ಬಾಡಿಗೂ ನಡುವೆ ಕಂಪನಿಯಿಂದಲೇ ರಬ್ಬರ್ ಬುಷ್‌ಗಳು ಬಂದಿರುತ್ತವೆ. ಒಂದೊಂದು ಬುಷ್‌ನ ಮೇಲೂ ಪಕ್ ಎಂಬ ಗಟ್ಟಿ ಬಿಲ್ಲೆ ಇಟ್ಟು, ಹಳೆಯ ಬೋಲ್ಟಿನ ಜಾಗಕ್ಕೆ ಪಕ್‌ನ ದಪ್ಪದಷ್ಟೇ ಹೆಚ್ಚು ಉದ್ದದ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟ ಹಾಗೆ. ಆದರೆ ಮಂಚದಿಂದ ನೆಲಕ್ಕೆ ಪೈಪು, ವೈರು, ಕೇಬಲ್ಲು ಇಳಿದಿರುವುದಿಲ್ಲ. ಗಾಡಿಯಲ್ಲಿ ಬಾಡಿಯಿಂದ ಚಾಸಿಸ್‌ಗೆ ಹತ್ತಾರು ಇಳಿದಿರುತ್ತವೆ, ಕೆಲಸವೆಲ್ಲ ಇರುವುದು ಅಲ್ಲೇ. ಪಕ್ ಕೂರಿಸುವುದು ಅರ್ಧ ದಿನದ ಮಾತು.

ಇದರಿಂದ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಎತ್ತರ, ಹೆಚ್ಚುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚುವುದಿಲ್ಲ. ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರ್ ಉಂಡೆ), ಆಕ್ಸಲ್, ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಚಾಸಿಸ್‌ನ ತಳ ಎಲ್ಲವೂ ಮೊದಲಿದ್ದ ಎತ್ತರದಲ್ಲೇ ಇರುತ್ತವೆ. ಮೊದಲು ತಾಗುತ್ತಿದ್ದ ಕಲ್ಲು ಈಗಲೂ ತಾಗುತ್ತದೆ. ಹೆಚ್ಚುವುದು ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಜಾಗ. ಆ ಜಾಗಕ್ಕೆ ದೊಡ್ಡ ಟೈರು ಹಾಕಿದರೆ ಮಾತ್ರ ಗಾಡಿ ನಿಜಕ್ಕೂ ಏಳುತ್ತದೆ, ಅದೂ ಟೈರಿನ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. ಮಾರುತಿ ಜಿಪ್ಸಿಯ ಲೆಕ್ಕ ನೋಡಿ. 205/70 ಆರ್15 ಟೈರಿನ ವ್ಯಾಸ 668 ಮಿ.ಮೀ. 235/75 ಆರ್15 ಹಾಕಿದರೆ 733 ಮಿ.ಮೀ. ವ್ಯತ್ಯಾಸ 65, ಡಿಫರೆನ್ಷಿಯಲ್ ನೆಲದಿಂದ ಮೇಲೇಳುವುದು ಸುಮಾರು 32 ಮಿ.ಮೀ. ಜೊತೆಗೆ ಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ, ಐದನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಸೊರಗುತ್ತದೆ. ಇದನ್ನೆಲ್ಲ ಕೂಡಿ ಕಳೆದು ನೋಡಿದ ಮೇಲೂ ಬೇಕು ಅನ್ನಿಸಿದರೆ ಮುಂದಕ್ಕೆ ಓದಿ.

ಸಸ್ಪೆನ್ಷನ್ ಲಿಫ್ಟ್ ಬೇರೆ. ಅದರಲ್ಲಿ ಸ್ಪ್ರಿಂಗ್ ಬದಲಾಗಿ ಚಾಸಿಸ್ಸೇ ಏಳುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ, ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್‌ಗಳ ಉದ್ದ ಸಾಲದೆ ಬರುತ್ತದೆ. ಬಾಡಿ ಲಿಫ್ಟ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳ ಭಾರ ಕೆಳಗೇ ಉಳಿಯುವುದರಿಂದ ಅಷ್ಟೇ ಇಂಚಿನ ಸಸ್ಪೆನ್ಷನ್ ಲಿಫ್ಟಿಗಿಂತ ಗಾಡಿ ವಾಲುವುದು ಕಡಿಮೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಲೀಫ್ ಸ್ಪ್ರಿಂಗಿಗೋ ಚಾಸಿಸ್‌ಗೋ ಉಜ್ಜುತ್ತಿದ್ದರೆ ಅದಕ್ಕೆ ಬಾಡಿ ಲಿಫ್ಟ್ ಮದ್ದಲ್ಲ. ಅದು ರಿಮ್ಮಿನ ಆಫ್‌ಸೆಟ್‌ಗೆ, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವುದಕ್ಕೆ, ಸಂಬಂಧಪಟ್ಟದ್ದು.

ಯಾವ ಗಾಡಿಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ಚಾಸಿಸ್ ಬೇರೆ, ಬಾಡಿ ಬೇರೆ ಇರುವ ಗಾಡಿಗೆ ಮಾತ್ರ ಆಗುತ್ತದೆ. ಜಿಪ್ಸಿ, ಜಿಮ್ನಿ, ಥಾರ್, ಬೊಲೆರೊ, ಫೋರ್ಸ್ ಗೂರ್ಖಾ, ಇಸುಜು ವಿ-ಕ್ರಾಸ್, ಜೀಪ್ ರ್‍ಯಾಂಗ್ಲರ್ ಇಂಥವು. ಡಸ್ಟರ್, ಕಂಪಾಸ್, ಕ್ರೆಟಾ ಮೊದಲಾದ ಮಾನೋಕಾಕ್ (ಚಾಸಿಸ್, ಬಾಡಿ ಎರಡೂ ಒಂದೇ ಆಗಿರುವ) ಗಾಡಿಗಳಲ್ಲಿ ಬಿಚ್ಚಿ ಎತ್ತಲು ಬೇರೆ ಬಾಡಿಯೇ ಇಲ್ಲ. ಅವಕ್ಕೆ ಅಂಗಡಿಯಲ್ಲಿ ‘ಲಿಫ್ಟ್ ಕಿಟ್’ ಅಂತ ಕೊಡುವುದು ಸ್ಟ್ರಟ್ ಸ್ಪೇಸರ್, ಅಂದರೆ ಸಸ್ಪೆನ್ಷನ್ ಕೆಲಸ. 1984ರಿಂದ 2001ರವರೆಗಿನ ಜೀಪ್ ಚೆರೋಕಿ ಎಕ್ಸ್‌ಜೆ ನೋಡಲು ಒರಟು ಜೀಪು, ಒಳಗೆ ಮಾನೋಕಾಕ್. ಹೆಸರು ನೋಡಿ ಪಕ್ ಕೊಳ್ಳಬೇಡಿ, ಗಾಡಿಯ ಕೆಳಗೆ ಹೋಗಿ ನೋಡಿ, ಆಮೇಲೆ ಕೊಳ್ಳಿ. ಪಿಕಪ್‌ಗಳಲ್ಲಿ ಕ್ಯಾಬಿನ್ನೂ ಹಿಂದಿನ ಡಬ್ಬವೂ ಬೇರೆ ಬೇರೆ. ಎರಡನ್ನೂ ಸಮನಾಗಿ ಎತ್ತಬೇಕು, ಇಲ್ಲದಿದ್ದರೆ ನಡುವಿನ ಸಂದು ಮೇಲೊಂದು ಅಳತೆ, ಕೆಳಗೊಂದು ಅಳತೆ ಆಗುತ್ತದೆ.

ಪಕ್ಕು, ಬೋಲ್ಟು

ಎತ್ತರ ಒಂದು ಇಂಚಾದರೆ ಒಳ್ಳೆಯದು, ಎರಡು ಇಂಚು ಮಿತಿ. ಮೂರು ಇಂಚಿನ ಕಿಟ್ಟುಗಳೂ ಇವೆ, ಆದರೆ ಪಕ್ ಎತ್ತರವಾದಷ್ಟೂ ಬೋಲ್ಟಿನ ಮೇಲೆ ಅಡ್ಡ ಎಳೆತದ ಬಾಗು ಹೆಚ್ಚುತ್ತದೆ. ಗಾಡಿ ಒಂದು ಪಕ್ಕಕ್ಕೆ ದಡಕ್ಕನೆ ಇಳಿದಾಗ ಬಾಡಿಯ ಭಾರವನ್ನೆಲ್ಲ ಹಿಡಿಯುವುದು ಆ ಬೋಲ್ಟುಗಳೇ.

ಮೊದಲು ಮೌಂಟ್‌ಗಳನ್ನು, ಅಂದರೆ ಬಾಡಿಯನ್ನು ಚಾಸಿಸ್‌ಗೆ ಬೋಲ್ಟ್ ಹಾಕಿ ಹಿಡಿಸಿದ ಜಾಗಗಳನ್ನು, ಎಣಿಸಿ. ರ್‍ಯಾಂಗ್ಲರ್ ಟಿಜೆಯಲ್ಲಿ, ಅಂದರೆ 1997ರಿಂದ 2006ರ ಮಾದರಿಯಲ್ಲಿ, 11 ಇವೆ. ಗ್ರಿಲ್‌ನ ಕೆಳಗಿನದೂ ಅದರಲ್ಲಿ ಸೇರಿದೆ, ಮರೆತುಹೋಗುವುದು ಹೆಚ್ಚಾಗಿ ಅದೇ. ಒಂದೊಂದು ಜಾಗದ ಬೋಲ್ಟಿನ ವ್ಯಾಸ, ಉದ್ದ, ಪಿಚ್ (ಥ್ರೆಡ್‌ಗಳ ನಡುವಿನ ಅಂತರ), ತಲೆಯ ಮೇಲಿನ ಅಂಕಿ (ಬೋಲ್ಟಿನ ಬಲದ ದರ್ಜೆ) ಬರೆದುಕೊಳ್ಳಿ. ಮುಂದಿನದೂ ಹಿಂದಿನದೂ ಒಂದೇ ಉದ್ದ ಇರುತ್ತದೆ ಎಂಬ ಭರವಸೆ ಬೇಡ. ತಲೆಯ ಮೇಲೆ 8.8 ಅಂತ ಇದ್ದರೆ ಹೊಸದೂ 8.8ಕ್ಕೆ ಕಡಿಮೆ ಇರಬಾರದು, 10.9 ಇದ್ದರೆ 10.9 ಬೇಕೇ ಬೇಕು. ಅಂಕಿಯೇ ಇಲ್ಲದ ಹಾರ್ಡ್‌ವೇರ್ ಅಂಗಡಿಯ ಬೋಲ್ಟು, ಉದ್ದ ಸಾಲದ್ದಕ್ಕೆ ಥ್ರೆಡ್ ರಾಡ್ ಕತ್ತರಿಸಿ ಹಾಕುವುದು, ಇವೆರಡೂ ಕೂಡದು.

ನಿಮ್ಮ ಮಾದರಿಗೆ ಕಿಟ್ ಸಿಗದಿದ್ದರೆ ಪಕ್‌ಗಳನ್ನು ಲೇತ್‌ನಲ್ಲಿ ಮಾಡಿಸಬಹುದು. ಬೆಂಗಳೂರಿನ ಪೀಣ್ಯದಂಥ ಕಡೆ ನಕ್ಷೆ ಕೊಟ್ಟರೆ ಇದು ಸಣ್ಣ ಕೆಲಸ. ನಕ್ಷೆಯಲ್ಲಿ ಮೂರು ಅಳತೆ ಖಚಿತವಾಗಿರಲಿ: ಹೊರವ್ಯಾಸ ಬುಷ್‌ನ ಮೇಲ್ಮುಖಕ್ಕಿಂತ ಕಡಿಮೆ ಇರಬಾರದು, ತೂತು ಬೋಲ್ಟಿಗಿಂತ ಅರ್ಧದಿಂದ ಒಂದು ಮಿ.ಮೀ. ಮಾತ್ರ ದೊಡ್ಡದಿರಬೇಕು, ಎಲ್ಲ ಪಕ್‌ಗಳ ಎತ್ತರ ಒಂದೇ ಇರಬೇಕು. ವಸ್ತುವಿನ ವಿಷಯಕ್ಕೆ ಬಂದರೆ, ನೈಲಾನ್ ನೀರು ಹೀರಿ ತುಸು ಊದುತ್ತದೆ, ಆದರೂ ಒಂದು ಇಂಚಿಗೆ ಚೆನ್ನಾಗಿ ತಾಳುತ್ತದೆ. ಪಾಲಿಯುರೆಥೇನ್ ಒಳ್ಳೆಯದು. ಅಲ್ಯುಮಿನಿಯಂ ಕುಗ್ಗುವುದೇ ಇಲ್ಲ, ಆದರೆ ಉಕ್ಕಿನ ಜೊತೆ ಕರಾವಳಿಯ ಉಪ್ಪು ಗಾಳಿ ಸೇರಿದರೆ ಸಂದಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಅಮೆರಿಕದಲ್ಲಿ ಐಸ್ ಹಾಕಿ ಆಟದ ಪಕ್‌ಗೇ ತೂತು ಹೊಡೆದು ಹಾಕುವ ರೂಢಿಯಿತ್ತು, ಅದು ಸರಿಯಾಗಿ ಒಂದು ಇಂಚು ದಪ್ಪ, ಮೂರು ಇಂಚು ಅಗಲ. ಅಳತೆ ಕೂಡಿಬಂದಿತು ಅನ್ನುವುದು ಬಿಟ್ಟರೆ ಅನುಕರಿಸುವಂಥದ್ದೇನಲ್ಲ. ಮರದ ತುಂಡು, ನೀರಿನ ಪೈಪಿನ ತುಂಡು, ಒಂದರ ಮೇಲೊಂದು ಇಟ್ಟ ಎರಡು ಪಕ್ಕು, ಇವೆಲ್ಲ ಬೇಡ. ಮರ ಸೀಳುತ್ತದೆ, ಪೈಪು ಬಾಡಿಯ ತಗಡನ್ನು ಕೊರೆಯುತ್ತದೆ, ಜೋಡಿ ಪಕ್ಕು ಪಕ್ಕಕ್ಕೆ ಜಾರುತ್ತದೆ.

ಸಹಾಯ ಎಲ್ಲಿ ಬೇಕು

ಒಬ್ಬರೇ ಮಾಡುವ ಕೆಲಸವಲ್ಲ. ಕನಿಷ್ಠ ಇಬ್ಬರು, ಮೂವರಿದ್ದರೆ ನೆಮ್ಮದಿ. ಒಬ್ಬರು ಜಾಕ್ ಒತ್ತುತ್ತಾರೆ, ಇನ್ನೊಬ್ಬರು ಬಾನೆಟ್ ತೆರೆದು ಎಂಜಿನ್ ಕಡೆಯಿಂದ ನೋಡುತ್ತ ನಿಲ್ಲುತ್ತಾರೆ. ಆ ಎರಡನೆಯವರದೇ ದೊಡ್ಡ ಜವಾಬ್ದಾರಿ: ಏನಾದರೂ ಬಿಗಿಯುತ್ತಿದೆ ಅನ್ನಿಸಿದ ತಕ್ಷಣ ‘ನಿಲ್ಲಿಸಿ’ ಅನ್ನಬೇಕು. ಬಾಡಿ ಬರೀ ಜಾಕಿನ ಮೇಲಿರುವಾಗ ಯಾರೂ ಸಂದಿಗೆ ಬೆರಳು ತೂರಿಸಬಾರದು. ಪಕ್ ತಳ್ಳುವುದಕ್ಕೆ ಉದ್ದ ಸ್ಕ್ರೂಡ್ರೈವರ್ ಇದೆ.

ಗ್ಯಾರೇಜಿಗೆ ಕೊಡುವುದಾದರೆ, ಕೊಡಗು, ಸಕಲೇಶಪುರ ಕಡೆ ಎಸ್ಟೇಟ್ ಜೀಪುಗಳನ್ನು ನೋಡುವ ಮೆಕ್ಯಾನಿಕ್‌ಗಳಿಗೆ ಚಾಸಿಸ್, ಲೀಫ್ ಸ್ಪ್ರಿಂಗ್ ಕೆಲಸ ನೀರು ಕುಡಿದಷ್ಟು ಸುಲಭ. ಆದರೂ ‘ಬಾಡಿ ಎತ್ತಿಕೊಡ್ತೀರಾ’ ಅಂತ ಕೇಳುವುದಕ್ಕಿಂತ ‘ಎತ್ತಿದ ಮೇಲೆ ಸ್ಟಿಯರಿಂಗ್ ಶಾಫ್ಟಿಗೆ ಏನು ಮಾಡ್ತೀರಿ, ಫ್ಯಾನಿಗೆ ಏನು ಮಾಡ್ತೀರಿ’ ಅಂತ ಕೇಳಿ. ‘ಶಾಫ್ಟ್ ಕತ್ತರಿಸಿ ವೆಲ್ಡ್ ಹೊಡೀತೀವಿ ಸಾರ್’ ಅಂತ ಉತ್ತರ ಬಂದರೆ ಗಾಡಿ ವಾಪಸ್ ತನ್ನಿ. ಟಿಂಕರಿಂಗ್ ಮಾಡುವವರ ಪರಿಚಯವೂ ಇರಲಿ. ಯಾಕೆ ಅನ್ನುವುದು ಈಗ ಬರುತ್ತದೆ.

ಎತ್ತುವಾಗ

ಎರಡು ಮೂರು ದಿನ ಮೊದಲಿನಿಂದ ಪ್ರತಿ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತ ಬನ್ನಿ. ಕೆಲವು ಗಾಡಿಗಳಲ್ಲಿ ನಟ್ಟು ಬಾಡಿಯ ಪೆಟ್ಟಿಗೆಯೊಳಗೆ ವೆಲ್ಡ್ ಆಗಿರುತ್ತದೆ. ಕೈ ಹಾಕಲು ಜಾಗವಿಲ್ಲ, ಸ್ಪ್ಯಾನರ್ ಹಿಡಿಯಲು ದಾರಿಯಿಲ್ಲ. ತುಕ್ಕು ಹಿಡಿದ ಬೋಲ್ಟನ್ನು ಇಂಪ್ಯಾಕ್ಟ್ ಗನ್‌ನಿಂದ ಹೊಡೆದರೆ ಮೊದಲು ಕಟ್ ಅಂತ ಒಂದು ಸದ್ದು, ಆಮೇಲೆ ಬೋಲ್ಟು ಸಲೀಸಾಗಿ ತಿರುಗುತ್ತದೆ, ಆದರೆ ಕೆಳಗಿಳಿಯುವುದಿಲ್ಲ. ಒಳಗಿನ ನಟ್ಟು ವೆಲ್ಡ್ ಬಿಟ್ಟು ಬೋಲ್ಟಿನ ಜೊತೆಗೇ ತಿರುಗುತ್ತಿದೆ ಎಂದರ್ಥ. ಆಗ ಒಳಗಿನ ಮ್ಯಾಟ್ ತೆಗೆದು, ನೆಲದ ತಗಡಿನಲ್ಲಿ ಕಿಟಕಿಯಷ್ಟು ಕೊಯ್ದು, ನಟ್ಟನ್ನು ಹಿಡಿದು ಬಿಚ್ಚಿ, ಮತ್ತೆ ಮುಚ್ಚಿ ಸೀಲರ್ ಹಾಕಬೇಕು. ಟಿಂಕರ್ ಬೇಕಾಗುವುದು ಇಲ್ಲಿಗೆ. ಹೀಗಾಗದಿರಲು ಉದ್ದ ಹಿಡಿಕೆಯ ಸಾಕೆಟ್ ಹಾಕಿ ಕೈಯಲ್ಲೇ ಕಾಲು ಸುತ್ತು ಬಿಗಿ, ಅರ್ಧ ಸುತ್ತು ಸಡಿಲ ಮಾಡುತ್ತ ಬರಬೇಕು. ಬೆಂಕಿ ಕೊಡುವುದು ಕೊನೆಯ ಉಪಾಯ. ರಬ್ಬರ್ ಬುಷ್‌ನ ಹತ್ತಿರ ಕೊಟ್ಟರೆ ಬುಷ್ ಹೋಗುತ್ತದೆ, ಪೆಟ್ರೋಲ್ ಟ್ಯಾಂಕಿನ ಹತ್ತಿರವಂತೂ ಯೋಚನೆಯೇ ಬೇಡ.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಮುಂದಿನ ಚಕ್ರ ನೇರ ಮಾಡಿ ಸ್ಟಿಯರಿಂಗ್ ಲಾಕ್ ಹಾಕಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಶಾಫ್ಟ್ ಬಿಚ್ಚಿದಾಗ ಸ್ಟಿಯರಿಂಗ್ ಸುಮ್ಮನೆ ಸುತ್ತಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗಿಗೆ ಕರೆಂಟು ಒಯ್ಯುವ ಸುರುಳಿ ಪಟ್ಟಿ) ತುಂಡಾಗಿ ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ. ಚಾಸಿಸ್‌ಗೆ ಕೂತ ಬಂಪರ್ ಬಾಡಿಗೂ ಹಿಡಿದಿದ್ದರೆ ಆ ಬೋಲ್ಟು ಬಿಚ್ಚಿ. ನಂತರ ಎರಡೂ ಬದಿಯ ಮೌಂಟ್ ಬೋಲ್ಟುಗಳನ್ನು ಸಡಿಲಿಸಿ, ಒಂದು ಬದಿಯವನ್ನು ಮಾತ್ರ ಪೂರ್ತಿ ತೆಗೆಯಿರಿ. ಇನ್ನೊಂದು ಬದಿ ಸಡಿಲವಾಗಿ ಸಿಕ್ಕಿಕೊಂಡೇ ಇರಲಿ, ಇಲ್ಲದಿದ್ದರೆ ಬಾಡಿ ಪಕ್ಕಕ್ಕೆ ಸರಿದು ತೂತುಗಳನ್ನು ಕೂಡಿಸಲು ಪರದಾಡಬೇಕಾಗುತ್ತದೆ. ಜಾಕಿನ ಮೇಲೆ ಉದ್ದನೆಯ ಮರದ ಹಲಗೆ ಇಟ್ಟು ಬಾಡಿಯ ಅಡ್ಡಪಟ್ಟಿಗೆ ಕೊಡಬೇಕು. ಬರೀ ತಗಡಿಗೆ ಕೊಟ್ಟರೆ ನೆಲ ಮೇಲಕ್ಕೆ ಉಬ್ಬುತ್ತದೆ. ಹತ್ತು ಮಿ.ಮೀ. ಏರಿಸಿ, ಸುತ್ತ ನೋಡಿ, ಮತ್ತೆ ಹತ್ತು. ಪಕ್ ಕೂತ ಮೇಲೆ ಬೋಲ್ಟನ್ನು ಕೈಯಲ್ಲೇ ನಾಲ್ಕು ಸುತ್ತು ಹಾಕಿ ಬಿಡಿ. ಎರಡೂ ಬದಿ ಮುಗಿಯುವವರೆಗೆ ಯಾವುದನ್ನೂ ಬಿಗಿಯಬೇಡಿ.

ಜಗ್ಗುವವು

ಮೊದಲು ಸ್ಟಿಯರಿಂಗ್. ಮಧ್ಯದ ಶಾಫ್ಟಿನಲ್ಲಿ ಒಂದರೊಳಗೊಂದು ಜಾರುವ ಭಾಗವಿದ್ದರೆ ಒಂದು ಇಂಚನ್ನು ಅದೇ ಹೀರಿಕೊಳ್ಳುತ್ತದೆ. ಆದರೆ ಎಳೆದ ಮೇಲೆ ಒಳಗೆ ಎಷ್ಟು ಉಳಿದಿದೆ ಅನ್ನುವುದನ್ನು ಅಳೆದು ನೋಡಬೇಕು. ಕೆಲವು ಗಾಡಿಗಳಲ್ಲಿ ಕ್ಲ್ಯಾಂಪ್ ಬೋಲ್ಟು ಶಾಫ್ಟಿನ ಮೇಲೆ ಕೊರೆದ ತೋಡಿನಲ್ಲಿ ಕೂರುತ್ತದೆ. ಅಲ್ಲಿ ಬೋಲ್ಟು ತೋಡು ತಪ್ಪಿ ಬರೀ ತುದಿಯನ್ನು ಹಿಡಿದಿದ್ದರೆ ಅದು ಯಾವತ್ತೋ ಒಂದು ದಿನ ಕಳಚಿಕೊಳ್ಳುವಂಥದ್ದು. ಸಾಲದಿದ್ದರೆ ಅದಕ್ಕೆಂದೇ ಮಾಡಿದ ಎಕ್ಸ್‌ಟೆನ್ಷನ್ ಹಾಕಬೇಕು, ಬೇರೆ ದಾರಿಯಿಲ್ಲ.

ಆಮೇಲೆ ರೇಡಿಯೇಟರ್. ಅದು ಬಾಡಿಗೆ ಕೂತಿದ್ದರೆ ಬಾಡಿಯ ಜೊತೆ ಮೇಲೆ ಹೋಗುತ್ತದೆ, ಎಂಜಿನ್ನಿಗೆ ಕೂತ ಫ್ಯಾನ್ ಕೆಳಗೇ ಉಳಿಯುತ್ತದೆ. ಫಲವಾಗಿ ಫ್ಯಾನಿನ ರೆಕ್ಕೆ ಅದರ ಸುತ್ತಲಿನ ಪ್ಲಾಸ್ಟಿಕ್ ಕವಚವಾದ ಶ್ರೌಡ್‌ನ ಕೆಳಅಂಚಿಗೆ ತಾಗುತ್ತದೆ. ನಿಂತ ಗಾಡಿಯಲ್ಲಿ ಬೆರಳು ತೂರುವಷ್ಟು ಸಂದು ಕಾಣುತ್ತದೆ. ಹಳ್ಳಕ್ಕೆ ಇಳಿದಾಗ ಎಂಜಿನ್ ಮೌಂಟ್ ಜಗ್ಗಿ ರೆಕ್ಕೆ ಪ್ಲಾಸ್ಟಿಕ್ಕನ್ನು ಕಚ್ಚುತ್ತದೆ. ರೇಡಿಯೇಟರನ್ನು ಅದರ ಬ್ರಾಕೆಟ್ಟಿನಲ್ಲಿ ಅಷ್ಟೇ ಇಳಿಸುವುದು ಸರಳ ಪರಿಹಾರ. ಟಿಜೆಗಳಲ್ಲಿ ಎಂಜಿನ್ ಮೌಂಟನ್ನೂ ಒಂದು ಇಂಚು ಎತ್ತುವ ರೂಢಿಯಿದೆ. ಶ್ರೌಡ್ ತೆಗೆದೇ ಹಾಕುವುದು ಮಾತ್ರ ತಪ್ಪು. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತರೆ ಉಷ್ಣತೆಯ ಮುಳ್ಳು ಅದನ್ನು ಹೇಳುತ್ತದೆ.

ಗೇರ್ ಲಿವರ್‌ಗಳು ನೆಲದ ತೂತಿನಲ್ಲಿ ಒಂದು ಇಂಚು ಕೆಳಗಿಳಿದಂತೆ ಆಗುತ್ತವೆ. ರಿವರ್ಸ್ ಅಥವಾ ಐದನೇ ಗೇರ್ ಬೀಳದಿದ್ದರೆ ಲಿವರ್ ತೂತಿನ ಅಂಚಿಗೆ ತಾಗುತ್ತಿದೆ ಅಂತಲೇ. ಟಿಜೆಯಲ್ಲಿ ಟ್ರಾನ್ಸ್‌ಫರ್ ಕೇಸ್ ಲಿಂಕೇಜಿನ ಒಂದು ಆಧಾರ ಬಾಡಿಗೆ, ಇನ್ನೊಂದು ಟ್ರಾನ್ಸ್‌ಫರ್ ಕೇಸಿಗೆ ಇರುವುದರಿಂದ ಹೊಂದಿಸದಿದ್ದರೆ ಫೋರ್ ಲೋ (ನಾಲ್ಕು ಚಕ್ರದ ನಿಧಾನ ಗೇರ್) ಬೀಳುವುದಿಲ್ಲ, ಬಿದ್ದರೂ ಏರಿನ ಮಧ್ಯೆ ಜಿಗಿದು ಹೊರಬರುತ್ತದೆ.

ಬ್ರೇಕ್ ಮಾಸ್ಟರ್ ಸಿಲಿಂಡರ್ ಬಾಡಿಯ ಗೋಡೆಗೆ, ಉಕ್ಕಿನ ಪೈಪುಗಳು ಚಾಸಿಸ್‌ಗೆ. ನಡುವಿನ ಬಳುಕನ್ನು ಕೈಯಲ್ಲಿ ಮೆಲ್ಲಗೆ ಬಿಡಿಸಬಹುದು, ಆದರೆ ಒಮ್ಮೆ ಮಡಿಕೆ ಬಿದ್ದ ಪೈಪನ್ನು ನೇರ ಮಾಡಿ ಬಳಸಬಾರದು, ಬದಲಿಸಿ ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯಬೇಕು. ಕ್ಲಚ್, ಆಕ್ಸಿಲರೇಟರ್, ಹ್ಯಾಂಡ್‌ಬ್ರೇಕ್ ಕೇಬಲ್, ಹೀಟರ್ ಮತ್ತು ಎ.ಸಿ. ಹೋಸ್, ವೈರಿಂಗ್ ಕಟ್ಟು ಇವುಗಳಲ್ಲಿ ಹೆಚ್ಚಿನವು ಕ್ಲಿಪ್ ಬಿಚ್ಚಿದರೆ ಸಾಕಾಗುತ್ತವೆ. ಪೆಟ್ರೋಲ್ ಟ್ಯಾಂಕ್ ಚಾಸಿಸ್‌ಗೆ ಕಟ್ಟಿದ್ದರೆ ತುಂಬುವ ಹೋಸು ಜಗ್ಗುತ್ತದೆ, ಬಾಡಿಗೆ ಕಟ್ಟಿದ್ದರೆ ಎಂಜಿನ್ ಕಡೆಯ ಪೈಪು ಜಗ್ಗುತ್ತದೆ. ಯಾವುದೆಂದು ಮೊದಲೇ ನೋಡಿಕೊಳ್ಳಿ. ಎಲ್ಲರೂ ಮರೆಯುವುದು ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ. ಅದು ಕಿತ್ತುಹೋದರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನ ದಾರಿ ಹಿಡಿದು ಕೇಬಲ್ ಬಿಸಿಯಾಗುತ್ತದೆ, ದೀಪಗಳು ಮಂಕಾಗುತ್ತವೆ, ತಪ್ಪು ಹುಡುಕಲು ಇಡೀ ದಿನ ಹೋಗುತ್ತದೆ.

ಬಿಗಿದ ಮೇಲೆ

ಟಾರ್ಕ್ ರೆಂಚಿನಲ್ಲಿ ಗಾಡಿಯ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯಿರಿ. ರಬ್ಬರ್ ಹಪ್ಪಳವಾಗುವಷ್ಟು ಬಿಗಿದರೆ ಬುಷ್ ಸೀಳುತ್ತದೆ, ಗಾಡಿಯೆಲ್ಲ ಗಡಗಡ ಅನ್ನುತ್ತದೆ. 100 ಕಿ.ಮೀ. ಆದ ಮೇಲೊಮ್ಮೆ, 500ಕ್ಕೆ ಇನ್ನೊಮ್ಮೆ ನೋಡಿ. ಮೊದಲ ಸಲ ಒಂದೆರಡು ಬೋಲ್ಟು ಕಾಲು ಸುತ್ತು ಕೇಳುವುದು ಸಹಜ. ಅದೇ ಬೋಲ್ಟು ಎರಡನೇ ಸಲವೂ ಸಡಿಲ ಸಿಕ್ಕಿದರೆ ಪಕ್ ಅಡ್ಡಕೂತಿದೆ ಅಥವಾ ಬುಷ್ ಸತ್ತಿದೆ. ಚಕ್ರದ ಒಳಗಡೆ ಬಾಡಿಗೂ ಚಾಸಿಸ್‌ಗೂ ನಡುವೆ ಹೊಸ ಸಂದು ಬಿದ್ದಿರುತ್ತದೆ, ಮಳೆಗಾಲದಲ್ಲಿ ಕೆಸರು ಅಲ್ಲಿಂದ ನೇರ ಆಲ್ಟರ್ನೇಟರ್ ಮೇಲೆ ಎರಚುತ್ತದೆ. ದಪ್ಪ ರಬ್ಬರ್ ಹಾಳೆ ಕತ್ತರಿಸಿ ಮುಚ್ಚಿ.

ಕಾನೂನಿನ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆ ಕಂಪನಿಯೂ ಇದೇ ಪ್ರಶ್ನೆ ಎತ್ತುತ್ತದೆ. ಹಾಗಾಗಿ ಇದು ಖಾಸಗಿ ಜಾಗದಲ್ಲಿ, ಸ್ಪರ್ಧೆಯ ಟ್ರ್ಯಾಕಿನಲ್ಲಿ ಓಡುವ ಗಾಡಿಗೆ ಹೊಂದುವ ಕೆಲಸ. ಬಿಚ್ಚಿದ ಹಳೆಯ ಬೋಲ್ಟು, ವಾಷರ್‌ಗಳನ್ನು ಎಣ್ಣೆ ಸವರಿ, ಯಾವುದು ಯಾವ ಮೌಂಟಿನದು ಅಂತ ಚೀಟಿ ಕಟ್ಟಿ ಇಟ್ಟುಕೊಳ್ಳಿ. ಗಾಡಿ ಮಾರುವಾಗಲೋ ಎಫ್.ಸಿ.ಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗುವಾಗಲೋ ಪಕ್ ತೆಗೆದು ಮೊದಲಿನ ಹಾಗೆ ಕೂರಿಸಲು ಅವೇ ಬೇಕಾಗುತ್ತವೆ, ಉದ್ದ ಬೋಲ್ಟು ಅಲ್ಲಿಗೆ ಹೊಂದುವುದಿಲ್ಲ.