ಸೋಲಾರ್ ಬಿಸಿನೀರಿಗೆ ಪ್ರೆಶರ್ ಎಲ್ಲಿಂದ ಬರುತ್ತೆ: ನಮ್ಮನೆ ಪೈಪ್‌ಲೈನ್ ಟಿಪ್ಪಣಿ

ತುಮಕೂರಲ್ಲಿ 30×40 ಸೈಟಲ್ಲಿ ಕಂಟ್ರಾಕ್ಟ್ ಕೊಡದೆ ನಾವೇ ನಿಂತು ಎರಡಂತಸ್ತಿನ ಮನೆ ಕಟ್ಟಿಸ್ತಿದೀವಿ. ಗೋಡೆ ಕೊರೆಯೋಕೆ ಮುಂಚೆ ನೀರಿನ ಲೈನ್ ಪೇಪರ್ ಮೇಲೆ ಹಾಕ್ಕೊಳ್ಳೋಣ ಅಂತ ಕೂತೆ, ಒಂದು ವಾರ ಅದರಲ್ಲೇ ಹೋಯ್ತು. ಮರೆಯೋಕೆ ಮುಂಚೆ ಬರೆದಿಡ್ತಿದೀನಿ.

ಪೈಪ್ ಆರಿಸೋದು ಕಷ್ಟ ಇಲ್ಲ. ತಣ್ಣೀರಿಗೆ ಯುಪಿವಿಸಿ (ಮಾಮೂಲಿ ಗಟ್ಟಿ ಪ್ಲಾಸ್ಟಿಕ್ ಪೈಪ್) ಸಾಕು, ಬಿಸಿನೀರಿಗೆ ಬಿಸಿ ತಡೆಯೋ ಪ್ಲಾಸ್ಟಿಕ್ ಸಿಪಿವಿಸಿನೇ ಬೇಕು, ಆ ಪೈಪ್ ಮೇಲೆ ಐಎಸ್ 15778 ಅಂತ ಸ್ಟ್ಯಾಂಡರ್ಡ್ ನಂಬರ್ ಪ್ರಿಂಟ್ ಇದೆಯಾ ನೋಡ್ಕೊಳ್ಳಿ. ಬಿಸಿನೀರು ತಣ್ಣೀರು ಬೆರೆಸೋ ನಲ್ಲಿಗೆ, ಅಂದ್ರೆ ಮಿಕ್ಸರ್‌ಗೆ, ಎಡಗಡೆ ಬಿಸಿ, ಬಲಗಡೆ ತಣ್ಣೀರು, ಎರಡು ಪಾಯಿಂಟ್ ಮಧ್ಯೆ 6 ಇಂಚು.

ಪ್ರೆಶರ್ ಲೆಕ್ಕಾನೂ ಸುಲಭ. ನೀರು 10 ಮೀಟರ್ ಎತ್ತರದಲ್ಲಿದ್ರೆ ಸುಮಾರು 1 ಕೆಜಿ ಪ್ರೆಶರ್ (ಚದರ ಸೆಂಟಿಮೀಟರಿಗೆ), ಟ್ಯಾಂಕ್ 500 ಲೀಟರಾ 2000 ಲೀಟರಾ ಅನ್ನೋದು ಲೆಕ್ಕಕ್ಕೇ ಬರಲ್ಲ. ನಮ್ಮ ಮಹಡಿ ಶವರಿಂದ ಟೆರೇಸ್‌ಗೆ ಮೂರೂವರೆ ಅಡಿ, ಟ್ಯಾಂಕ್ ಸ್ಟ್ಯಾಂಡ್ 6 ಅಡಿ, ಒಟ್ಟು ಒಂಬತ್ತೂವರೆ ಅಡಿ. ಅಂದ್ರೆ ಟ್ಯಾಂಕ್ ತಳ ಕಾಣೋವಾಗ ಬರೀ 0.29 ಕೆಜಿ. ಕೆಳಗಿನ ಬಚ್ಚಲಿಗೆ ಅದರ ಎರಡರಷ್ಟು ಸಿಗುತ್ತೆ.

ನಾನು ಸಿಕ್ಕಾಕ್ಕೊಂಡಿದ್ದು ಬಿಸಿನೀರಲ್ಲಿ. ಸೋಲಾರ್ ಟ್ಯಾಂಕಿಗೆ ನೀರು ಬರೋದು ತಣ್ಣೀರಿನ ಟ್ಯಾಂಕಿಂದಲೇ, ಆದ್ರೆ ಅದು ಟೆರೇಸ್ ಮೇಲೇ ಕೂತಿರುತ್ತೆ, ತಣ್ಣೀರಿನ ಟ್ಯಾಂಕ್‌ಗಿಂತ ಕೆಳಗೆ, ಹಾಗಾದ್ರೆ ಬಿಸಿನೀರಿಗೆ ಪ್ರೆಶರ್ ಕಮ್ಮಿ ಅಲ್ವಾ ಅಂದ್ಕೊಂಡು ಸೋಲಾರನ್ನ ಎತ್ತರಿಸಿ ಎತ್ತರಿಸಿ ನಾಲ್ಕು ಸಲ ಡ್ರಾಯಿಂಗ್ ಹಾಕಿದೆ. ಕೊನೆಗೆ ಮೇಸ್ತ್ರಿ ಮಟ್ಟ ನೋಡೋಕೆ ನೀರು ತುಂಬಿದ ಟ್ಯೂಬ್ ಹಿಡಿದಿದ್ರಲ್ಲ, ಅದನ್ನ ನೋಡ್ತಾ ಅರ್ಥ ಆಯ್ತು. ಟ್ಯೂಬಿನ ಮಧ್ಯಭಾಗ ನೆಲದ ಮೇಲೆ ಬಿದ್ದಿರಲಿ, ಜಲ್ಲಿ ಗುಡ್ಡೆ ಹತ್ತಿರಲಿ, ಎರಡು ತುದೀಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಸೋಲಾರ್ ಟ್ಯಾಂಕ್ ಅಂದ್ರೆ ಆ ಟ್ಯೂಬಿನ ನಡುವೆ ಹೊಟ್ಟೆ ಉಬ್ಬಿರೋ ಜಾಗ ಅಷ್ಟೆ! ಬಿಸಿನೀರನ್ನ ಕೆಳಗೆ ತಳ್ಳೋದು ತಣ್ಣೀರಿನ ಟ್ಯಾಂಕಿನ ಮಟ್ಟ. ಸೋಲಾರ್ ಎತ್ತರಿಸಿದ್ರೆ ಏನೂ ಸಿಗಲ್ಲ, ಬದಲಿಗೆ ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು, ಇಲ್ಲಾಂದ್ರೆ ಸೋಲಾರ್ ಪೂರ್ತಿ ತುಂಬೋದೇ ಇಲ್ಲ.

ಸೋಲಾರ್ ಟ್ಯಾಂಕಿಂದ ಮೇಲಕ್ಕೆ ಬಾಯಿ ತೆರೆದು ನಿಂತಿರೋ ಗಾಳಿ ಪೈಪ್, ಅಂದ್ರೆ ಏರ್ ವೆಂಟ್, ಯಾಕೆ ಅಷ್ಟು ಉದ್ದ ಅನ್ನೋದೂ ಇಲ್ಲೇ ಬಿಡಿಸ್ಕೊಳ್ತು. ಅದು ಟ್ಯೂಬಿನ ಇನ್ನೊಂದು ತುದಿ. ತಣ್ಣೀರಿನ ಟ್ಯಾಂಕ್ ತುಂಬಿದಾಗ ನೀರು ಎಲ್ಲಿವರೆಗೆ ಬರುತ್ತೋ ವೆಂಟಲ್ಲೂ ಅಲ್ಲಿವರೆಗೆ ಏರುತ್ತೆ, ಬಿಸಿನೀರು ಹಗುರ ಆದ್ರಿಂದ ಒಂಚೂರು ಮೇಲೇ. ವೆಂಟ್ ಗಿಡ್ಡ ಆದ್ರೆ ಕಾದ ನೀರೆಲ್ಲ ಟೆರೇಸ್ ಪಾಲು. ನಾವು ಒಂದೂವರೆ ಅಡಿ ಜಾಸ್ತಿನೇ ಬಿಟ್ಟಿದೀವಿ.

ಹಾಗಾಗಿ ಪ್ರೆಶರ್ ಪಂಪ್ ಹಾಕೋರು ದಯವಿಟ್ಟು ನಿಧಾನಿಸಿ. ತಣ್ಣೀರಿನ ಲೈನಿಗೆ ಮಾತ್ರ ಹಾಕಿದ್ರೆ ಮಿಕ್ಸರ್ ತೆಗೆದ ತಕ್ಷಣ ತಣ್ಣೀರು ಬಿಸಿ ಲೈನಿಗೆ ನುಗ್ಗಿ ಸೋಲಾರ್ ಕಡೆ ವಾಪಸ್ ಏರುತ್ತೆ. ಬಿಸಿ ಲೈನಿಗೆ ಎನ್‌ಆರ್‌ವಿ (ನೀರು ವಾಪಸ್ ಹೋಗದ ಹಾಗೆ ತಡೆಯೋ ವಾಲ್ವ್) ಹಾಕಿದ್ರೆ ನುಗ್ಗೋದು ನಿಲ್ಲುತ್ತೆ, ಆದ್ರೆ ಬಿಸಿನೀರು ಬರಲ್ಲ. ಸೋಲಾರ್‌ಗೆ ಮುಂಚೆನೇ ಪಂಪ್ ಕೂರಿಸಿದ್ರೆ ವೆಂಟಿಂದ ನೀರು ಚಿಮ್ಮುತ್ತೆ. ಎರಡು ಲೈನಿಗೂ ಒಂದೇ ಥರ ಪಂಪ್, ಬಿಸಿಯದು ಸೋಲಾರ್ ದಾಟಿದ ಮೇಲೆ, ಇದೊಂದೇ ನನಗೆ ಸರಿ ಅನ್ನಿಸಿದ್ದು. ಸದ್ಯಕ್ಕೆ ಎರಡಕ್ಕೂ ಜಾಗ, ಯೂನಿಯನ್ (ಬಿಚ್ಚಿ ಜೋಡಿಸೋ ಪೈಪ್ ಜಾಯಿಂಟ್), ಕರೆಂಟ್ ಪಾಯಿಂಟ್ ಬಿಟ್ಟು ರೈನ್ ಶವರ್ ಆಸೆ ಕೈಬಿಟ್ಟಿದೀವಿ.

ಕೊನೇದು ಪೈಪಿನ ದಪ್ಪ. ಬಿಸಿನೀರಿಗೆ ಕೆಳಗಿನವರೆಗೂ 1 ಇಂಚೇ ಹಾಕೋಣ ಅಂದ್ರು ಪ್ಲಂಬರ್. ಮುಕ್ಕಾಲು ಇಂಚಿನ ಸಿಪಿವಿಸಿ ಮೀಟರಿಗೆ ಕಾಲು ಲೀಟರ್ ಹಿಡಿಯುತ್ತೆ, ನಮ್ಮ 16 ಮೀಟರಿಗೆ 4 ಲೀಟರ್. ಒಂದು ಇಂಚಾದ್ರೆ ಹತ್ರ ಹತ್ರ 7 ಲೀಟರ್, ದಿನಾ ಬೆಳಿಗ್ಗೆ ಬಿಸಿನೀರು ಬರೋಕೆ ಮುಂಚೆ ಅಷ್ಟೂ ಬಕೆಟ್ಟಿಗೆ ಹಿಡಿದಿಡಬೇಕು. ಮುಕ್ಕಾಲು ಇಂಚೇ ಹಾಕಿಸಿದ್ವಿ, ಬಿಸಿಲಿಗೆ ಕಾಣೋ ಕಡೆಯೆಲ್ಲ ಇನ್ಸುಲೇಷನ್ ಸುತ್ತಿಸಿ.